ನೃತ್ಯದಲ್ಲಿ ಮೇಜರ್ ಮಾಡಬೇಕೆ? ಮೊದಲು ವೇಳಾಪಟ್ಟಿ ನೋಡಿ

ನೃತ್ಯವನ್ನು ಮೇಜರ್ ಆಗಿ, ಅಂದರೆ ಪದವಿಯ ಮುಖ್ಯ ವಿಷಯವಾಗಿ ಓದಬೇಕೋ, ಬೇರೆ ವಿಷಯದ ಜೊತೆಗೆ ಇಟ್ಟುಕೊಂಡರೆ ಸಾಕೋ ಎಂದು ಕೇಳುವವರು ಹೆಚ್ಚಾಗಿ ತಮ್ಮ ಪ್ರತಿಭೆಯನ್ನು ತೂಗಲು ಹೊರಟಿರುತ್ತಾರೆ. ಅದಕ್ಕೂ ಮೊದಲು ತೂಗಬೇಕಾದದ್ದು ವಾರದ ಗಂಟೆಗಳನ್ನು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಎಚ್‌ಡೌಬ್ಲರ್ 1926ರಲ್ಲಿ ಆ ದೇಶದ ಮೊದಲ ನೃತ್ಯ ಮೇಜರ್ ಆರಂಭಿಸಿದಾಗ, ನೃತ್ಯ ದೈಹಿಕ ಶಿಕ್ಷಣ ವಿಭಾಗದೊಳಗೆ ಇತ್ತು. ಈಗ ಅಮೆರಿಕದ ಕಾಲೇಜುಗಳಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಬಿಎಫ್‌ಎಯಲ್ಲಿ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್, ಲಲಿತಕಲೆಯ ಪದವಿ) ಸುಮಾರು 120 ಕ್ರೆಡಿಟ್‌ಗಳ ಪೈಕಿ ಮೂರನೇ ಎರಡು ಭಾಗದಷ್ಟು ನೃತ್ಯವೇ. ಪ್ರವೇಶಕ್ಕೆ ಆಡಿಷನ್ ಇದ್ದೇ ಇರುತ್ತದೆ ಎನ್ನಬಹುದು. ಬಿಎಯಲ್ಲಿ ನೃತ್ಯದ ಪಾಲು ಅರ್ಧಕ್ಕಿಂತ ಕಡಿಮೆ, ಉಳಿದದ್ದು ಬೇರೆ ಓದು. ಬಿಎಫ್‌ಎಯಿಂದ ಬಿಎಗೆ ಇಳಿಯುವುದು ಸುಲಭ. ಬಿಎಯಿಂದ ಬಿಎಫ್‌ಎಗೆ ಏರಲು ಮತ್ತೆ ಆಡಿಷನ್ ಕೊಡಬೇಕಾಗುತ್ತದೆ, ತಪ್ಪಿಹೋದ ಟೆಕ್ನಿಕ್ (ಒಂದು ನೃತ್ಯಶೈಲಿಯ ಚಲನೆಗಳ ಅಭ್ಯಾಸ) ಹಂತಗಳನ್ನೂ ಮುಗಿಸಬೇಕು. ಹಾಗಾಗಿ ಮನಸ್ಸು ತೂಗಾಡುತ್ತಿದ್ದರೂ ಮೊದಲ ಸೆಮಿಸ್ಟರ್‌ನಲ್ಲೇ ಟೆಕ್ನಿಕ್ ತರಗತಿಗೆ ಹೆಸರು ಕೊಡಿ.

ಕ್ರೆಡಿಟ್ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಉಪನ್ಯಾಸದ 3 ಕ್ರೆಡಿಟ್ ಎಂದರೆ ವಾರಕ್ಕೆ ಸುಮಾರು 3 ಗಂಟೆ ತರಗತಿ. ಟೆಕ್ನಿಕ್ ತರಗತಿ 90 ನಿಮಿಷದಂತೆ ವಾರಕ್ಕೆ ಮೂರು ಸಲ ನಡೆದು, ನಾಲ್ಕೂವರೆ ಗಂಟೆ ಬೆವರಿಳಿಸಿಯೂ ಒಂದೋ ಎರಡೋ ಕ್ರೆಡಿಟ್ ಕೊಡುವುದುಂಟು. ಬ್ಯಾಲೆಗೆ ನಾಲ್ಕೂವರೆ, ಮಾಡರ್ನ್ ನೃತ್ಯಕ್ಕೆ ನಾಲ್ಕೂವರೆ, ನೃತ್ಯ ಸಂಯೋಜನೆಗೆ 3, ಸಂಜೆಯ ತಾಲೀಮಿಗೆ 6 ಎಂದು ಹಿಡಿದರೆ 18 ಗಂಟೆ ಆಯಿತು. ಇತರ ವಿಷಯಗಳ ತರಗತಿ 9 ಗಂಟೆ, ಅವುಗಳ ಮನೆಓದು ಇನ್ನೊಂದು 18 ಗಂಟೆ ಸೇರಿಸಿ: ಒಟ್ಟು 45. ಪ್ರದರ್ಶನದ ವಾರದಲ್ಲಿ ಬೆಳಕು, ಧ್ವನಿ, ವೇದಿಕೆಯ ತಾಲೀಮುಗಳು ಉಳಿದ ರಾತ್ರಿಗಳನ್ನೂ ನುಂಗುತ್ತವೆ. ವಿಜ್ಞಾನದ ಜೊತೆ ಎರಡು ಮೇಜರ್ ಮಾಡುವವರಿಗೆ ಮಧ್ಯಾಹ್ನದ ಲ್ಯಾಬ್ ಮತ್ತು ಟೆಕ್ನಿಕ್ ತರಗತಿ ಒಂದೇ ಹೊತ್ತಿಗೆ ಬರುವುದೇ ದೊಡ್ಡ ತೊಡಕು. ಎರಡೂ ವಿಭಾಗಗಳ ಎರಡನೇ ವರ್ಷದ ವೇಳಾಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡದೆ ಸಹಿ ಹಾಕಬೇಡಿ.

ದೇಹ ಕೈಕೊಡುವುದೂ ಈ ಗಂಟೆಗಳ ಕಾರಣಕ್ಕೇ. ವಾರಕ್ಕೆ 6 ಗಂಟೆ ಕುಣಿಯುತ್ತಿದ್ದವರು ಏಕಾಏಕಿ 18ಕ್ಕೆ ಹಾರಿದರೆ ಸ್ನಾಯು ಬೇಗ ಹೊಂದಿಕೊಳ್ಳುತ್ತದೆ, ಮೂಳೆ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಮೊಣಕಾಲ ಕೆಳಗೆ ಕಾಲಿನ ಮುಂಭಾಗದ ಮತ್ತು ಪಾದದ ನೋವು ಸಾಮಾನ್ಯವಾಗುವುದು ಇದರಿಂದಲೇ. ಕಾಲೇಜು ಶುರುವಾಗುವ ಆರರಿಂದ ಎಂಟು ವಾರ ಮುಂಚೆಯೇ ಗಂಟೆಗಳನ್ನು ಮೆಲ್ಲಗೆ ಏರಿಸಿ. ಮೂಳೆಯ ಮೇಲೆ ಬೆರಳ ತುದಿಯಿಂದ ತೋರಿಸಬಲ್ಲ ಒಂದೇ ಕಡೆ ನೋವಿದ್ದು, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಹೆಚ್ಚುತ್ತಿದ್ದರೆ ಅದು ಮೂಳೆಯ ಸಣ್ಣ ಬಿರುಕಿರಬಹುದು. ಕುಣಿಯುವುದನ್ನು ನಿಲ್ಲಿಸಿ ವೈದ್ಯರ ಬಳಿ ಹೋಗಿ. ಮೂರು ತಿಂಗಳು ಮುಟ್ಟು ನಿಂತರೂ ವೈದ್ಯರಿಗೆ ತೋರಿಸಬೇಕು: ಖರ್ಚಾದಷ್ಟು ಶಕ್ತಿ ಊಟದಿಂದ ಸಿಗುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ತೆಳ್ಳಗಾದಷ್ಟೂ ಒಳ್ಳೆಯ ನರ್ತಕಿ ಎಂಬ ಹಳೆಯ ನಂಬಿಕೆ ಎಷ್ಟೋ ಮೂಳೆಗಳನ್ನು ಹಾಳು ಮಾಡಿದೆ.

ಆಡಿಷನ್‌ನಲ್ಲಿ ಸಾಮಾನ್ಯವಾಗಿ ಬ್ಯಾಲೆ, ಮಾಡರ್ನ್ ತರಗತಿಗಳೂ ಒಂದೆರಡು ನಿಮಿಷದ ಏಕವ್ಯಕ್ತಿ ನೃತ್ಯವೂ ಇರುತ್ತವೆ. ಅಭ್ಯರ್ಥಿಗಳು ಏಕವ್ಯಕ್ತಿ ನೃತ್ಯಕ್ಕೆ ತಿಂಗಳುಗಟ್ಟಲೆ ತಯಾರಾಗಿ, ತರಗತಿಯಲ್ಲಿ ಎಡವುತ್ತಾರೆ. ಪರೀಕ್ಷಕರ ಕಣ್ಣು ತರಗತಿಯ ಮೇಲಿರುತ್ತದೆ: ಹೊಸ ಚಲನೆಯನ್ನು ಎಷ್ಟು ಬೇಗ ಹಿಡಿದಿರಿ, ಬಲಕ್ಕೆ ಮಾಡಿದ್ದನ್ನು ಎಡಕ್ಕೆ ತಿರುಗಿಸಲು ಬಂತೇ, ಹೇಳಿದ ತಿದ್ದುಪಡಿ ಮುಂದಿನ ಸುತ್ತಿನಲ್ಲಿ ಕಂಡಿತೇ. ವಿಡಿಯೊ ಕೇಳಿದರೆ ಫೋನನ್ನು ಅಡ್ಡವಾಗಿ ಹಿಡಿದು, ಪಾದ ಸಮೇತ ಪೂರ್ತಿ ದೇಹ ಕಾಣುವಂತೆ ತೆಗೆಯಿರಿ. ಬೆನ್ನ ಹಿಂದೆ ಕಿಟಕಿಯಿದ್ದರೆ ನೀವು ಬರೀ ನೆರಳಾಗಿ ಕಾಣುತ್ತೀರಿ.

ಮೇಜರ್ ಅಲ್ಲದವರು ಪ್ಲೇಸ್‌ಮೆಂಟ್ ತರಗತಿಗೆ (ಯಾರು ಯಾವ ಹಂತಕ್ಕೆ ಎಂದು ನೋಡುವ ತರಗತಿ) ಹೋಗಿ ತಮ್ಮ ಹಂತ ತಿಳಿದುಕೊಳ್ಳಬೇಕು. ಕೆಳಗಿನ ಹಂತ ಸಿಕ್ಕಿತೆಂದು ಬೇಸರ ಬೇಡ. ಮೇಲಿನ ಹಂತದಲ್ಲಿ ಕಾಂಬಿನೇಷನ್ (ಚಲನೆಗಳ ಸರಣಿ) ನೆನಪಿಟ್ಟುಕೊಳ್ಳಲು ಒದ್ದಾಡುತ್ತ ನಿಂತರೆ ದೇಹ ಏನನ್ನೂ ಕಲಿಯುವುದಿಲ್ಲ. ಇಂಥ ತರಗತಿಗಳಲ್ಲಿ ಅಂಕದ ದೊಡ್ಡ ಪಾಲು ಹಾಜರಾತಿಗೆ. ನಿಗದಿಗಿಂತ ಒಂದೆರಡು ದಿನ ಹೆಚ್ಚು ತಪ್ಪಿಸಿದರೆ ಗ್ರೇಡ್ ಇಳಿಯುತ್ತದೆ, ಎಷ್ಟು ಚೆನ್ನಾಗಿ ಕುಣಿದರೂ. ಟೆಕ್ನಿಕ್ ಒಂದನ್ನೇ ಹಿಡಿಯದೆ ಸಂಯೋಜನೆಯನ್ನೋ ನರ್ತಕರ ಅಂಗರಚನಾಶಾಸ್ತ್ರವನ್ನೋ ಒಮ್ಮೆ ತೆಗೆದುಕೊಳ್ಳಿ. ಎಂಜಿನಿಯರಿಂಗ್, ಮನೋವಿಜ್ಞಾನ ಓದುವವರು ಸಂಯೋಜನೆಯಲ್ಲಿ ಮೇಜರ್‌ಗಳಿಗಿಂತ ಹೊಸತನ್ನು ತರುವುದು ಅಪರೂಪವಲ್ಲ.

ಸೇರುವ ಮುನ್ನ ವಿಭಾಗದ ಕಚೇರಿಯಲ್ಲಿ ಕೆಲವು ನೇರ ಪ್ರಶ್ನೆ ಕೇಳಿ. ಪ್ರದರ್ಶನದ ಆಡಿಷನ್ ಎಲ್ಲರಿಗೂ ತೆರೆದಿದೆಯೇ? ಮೇಲಿನ ಹಂತದ ಸೀಟುಗಳನ್ನು ಮೇಜರ್‌ಗಳಿಗೆ ಕಾದಿರಿಸುತ್ತಾರೆಯೇ? ಒಂದೇ ಟೆಕ್ನಿಕ್ ತರಗತಿಯನ್ನು ಮತ್ತೆ ತೆಗೆದುಕೊಂಡರೆ ಕ್ರೆಡಿಟ್ ಸಿಗುತ್ತದೆಯೇ? ಜೊತೆಗೆ ಸ್ಟುಡಿಯೊದ ನೆಲವನ್ನೂ ನೋಡಿ. ಮೇಲೆ ವಿನೈಲ್ ಹಾಸಿದ್ದರೆ ಸಾಲದು, ಅಡಿಯಲ್ಲಿ ಒತ್ತಿದರೆ ಬಾಗುವ ಮರದ ನೆಲವಿರಬೇಕು. ಕಾಂಕ್ರೀಟಿನ ಮೇಲೆ ನೇರ ವಿನೈಲ್ ಹಾಸಿದ ಕಡೆ ದಿನವೂ ಜಿಗಿದರೆ ಕಾಲಿಗೆ ಬಿಡುವೇ ಸಿಗುವುದಿಲ್ಲ.