ಪಾಠದಲ್ಲಿರುವ ಮೆನು ನಿಮ್ಮ ವರ್ಡ್‌ಪ್ರೆಸ್‌ನಲ್ಲಿ ಯಾಕಿಲ್ಲ?

ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಲು ಕೂತವರಿಗೆ ಮೊದಲ ದಿನವೇ ತಲೆಬಿಸಿ. ವಿಡಿಯೊದಲ್ಲಿ ‘ಅಪಿಯರೆನ್ಸ್‌ಗೆ ಹೋಗಿ, ಕಸ್ಟಮೈಸ್ ಒತ್ತಿ’ ಅನ್ನುತ್ತಾರೆ. ನಿಮ್ಮ ಪರದೆಯಲ್ಲಿ ಕಸ್ಟಮೈಸ್ ಇಲ್ಲವೇ ಇಲ್ಲ. ನಿಮ್ಮದೇನೂ ತಪ್ಪಿಲ್ಲ. ಪಾಠ ಹಳೇದು, ಅಷ್ಟೇ.

ಈ ತಂತ್ರಾಂಶ ಹುಟ್ಟಿದ್ದೇ ಇನ್ನೊಂದರ ರಿಪೇರಿಯಿಂದ. 2001ರಲ್ಲಿ ಮಿಶೆಲ್ ವಾಲ್ಡ್ರಿಗಿ ಎಂಬುವರು ಬಿ2 ಎಂಬ ಬ್ಲಾಗ್ ತಂತ್ರಾಂಶ ಬರೆದಿದ್ದರು. ಆಮೇಲೆ ಅದರ ಕೆಲಸ ನಿಂತೇಹೋಯಿತು. ಅದೃಷ್ಟಕ್ಕೆ ಅದು ಜಿಪಿಎಲ್ ಲೈಸೆನ್ಸ್‌ನಲ್ಲಿತ್ತು. ಅಂದರೆ ಯಾರು ಬೇಕಾದರೂ ಕೋಡ್ ತೆಗೆದುಕೊಂಡು ಬೆಳೆಸಬಹುದು. ಹಂಚುವಾಗ ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ಅಮೆರಿಕದ ಹ್ಯೂಸ್ಟನ್‌ನ ವಿದ್ಯಾರ್ಥಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಅದನ್ನು ಕೈಗೆತ್ತಿಕೊಂಡರು. 2003ರ ಮೇ 27ರಂದು ವರ್ಡ್‌ಪ್ರೆಸ್ 0.7 ಹೊರಬಂತು.

ಮರುವರ್ಷ ಎದುರಾಳಿ ಬ್ಲಾಗ್ ತಂತ್ರಾಂಶ ಮೂವಬಲ್ ಟೈಪ್ ಉಚಿತ ಬಳಕೆಗೆ ಮಿತಿ ಹಾಕಿತು. ಸಿಟ್ಟಾದ ಅನೇಕರು ಇತ್ತ ಬಂದರು. ಅದೇ ವರ್ಷ ಪ್ಲಗಿನ್ (ಹೊಸ ಕೆಲಸಗಳನ್ನು ಸೇರಿಸುವ ಪುಟ್ಟ ತಂತ್ರಾಂಶ), 2005ರಲ್ಲಿ ಥೀಮ್ (ಸೈಟಿನ ರೂಪ ತೀರ್ಮಾನಿಸುವ ಫೈಲ್‌ಗಳ ಕಟ್ಟು) ಸೌಲಭ್ಯ ಸೇರಿತು. ವರ್ಡ್‌ಪ್ರೆಸ್ ಕಲಿಯೋದು ಅಂದರೆ ಥೀಮಿನ ಫೈಲ್ ತೆರೆದು ತಿದ್ದೋದು ಎಂದಾಯಿತು. ಹೆಡರ್ ಡಾಟ್ ಪಿಎಚ್‌ಪಿಯಲ್ಲಿ ಸೈಟಿನ ತಲೆ, ಫುಟರ್ ಡಾಟ್ ಪಿಎಚ್‌ಪಿಯಲ್ಲಿ ಬುಡ. ಒಂದು ಸೆಮಿಕೋಲನ್ ಬಿಟ್ಟುಹೋದರೆ ಇಡೀ ಸೈಟ್ ಬೆಳ್ಳಗೆ! ಹಿಂಸೆಯೇ, ಅಲ್ವಾ? ಆದರೆ ಸುಮ್ನೆ ಒಂದು ಸೈಟ್ ಮಾಡಲು ಬಂದವರು ಹಾಗೇ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಕಲಿತರು.

2018ರ ಡಿಸೆಂಬರ್‌ನಲ್ಲಿ 5.0 ಬಂತು. ಜೊತೆಗೆ ಗುಟೆನ್‌ಬರ್ಗ್ ಎಂಬ ಬ್ಲಾಕ್ ಎಡಿಟರ್. ಪ್ಯಾರಾ ಒಂದು ಬ್ಲಾಕ್, ಚಿತ್ರ ಇನ್ನೊಂದು. ಹಳಬರು ರೇಗಿದರು. ಹಳೇ ಎಡಿಟರನ್ನು ವಾಪಸ್ ತರುವ ಪ್ಲಗಿನ್ 50 ಲಕ್ಷಕ್ಕೂ ಜಾಸ್ತಿ ಸೈಟ್‌ಗಳಲ್ಲಿ ಕೂತಿತು. 2022ರ ಜನವರಿಯಲ್ಲಿ ಬಂದ 5.9ರಿಂದ ಹೆಡರ್, ಫುಟರ್‌ಗಳನ್ನೂ ಬ್ಲಾಕ್‌ಗಳಲ್ಲೇ ಕಟ್ಟುವ ಥೀಮ್‌ಗಳು ಶುರುವಾದವು. ಅಂಥ ಥೀಮ್ ಹಾಕಿದರೆ ಸಾಮಾನ್ಯವಾಗಿ ಕಸ್ಟಮೈಸ್ ಮರೆಯಾಗಿ, ‘ಎಡಿಟರ್’ ಕಾಣುತ್ತದೆ. ಹಳೇ ಬಗೆಯ ಥೀಮ್‌ಗಳೂ ಇನ್ನೂ ನಡೆಯುತ್ತವೆ. ಹಾಗಾಗಿ ಎರಡೂ ಕಾಲದ ಪಾಠಗಳು ಒಟ್ಟಿಗೇ ಸಿಗುತ್ತವೆ. ನಿಮ್ಮದು ಯಾವ ಬಗೆಯ ಥೀಮ್ ಅಂತ ಮೊದಲು ನೋಡಿಕೊಳ್ಳಿ.

ಎರಡೂ ಕಾಲದ ಪಾಠಗಳು ಸಾಮಾನ್ಯವಾಗಿ ಹೇಳದ ಒಂದು ವಿಷಯ ಕನ್ನಡದವರಿಗೆ ಬೇಕು. ಬರಹದ ಶೀರ್ಷಿಕೆಯಿಂದ ತಾನಾಗೇ ಆಗುವ ವೆಬ್ ವಿಳಾಸದ ಕೊನೆಯ ಭಾಗಕ್ಕೆ 200 ಅಕ್ಷರಗಳ ಮಿತಿಯಿದೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ (ಕಂಪ್ಯೂಟರ್ ಬೇರೆಯಾಗಿ ಎಣಿಸುವ ಅಕ್ಷರ ಅಥವಾ ಕಾಗುಣಿತದ ಗುರುತು) ಅಲ್ಲಿ 9 ಅಕ್ಷರ ತಿನ್ನುತ್ತದೆ. ‘ಕರ್ನಾಟಕ’ದಲ್ಲಿ ಅಂಥ ಚಿಹ್ನೆ ಏಳು, ಅದೊಂದಕ್ಕೇ 63! ಉದ್ದ ಶೀರ್ಷಿಕೆಯಾದರೆ ವಿಳಾಸ ನಡುವೆಯೇ ತುಂಡಾಗುತ್ತದೆ. ಪ್ರಕಟಿಸುವ ಮೊದಲು ವಿಳಾಸದ ಆ ಭಾಗದಲ್ಲಿ ಚಿಕ್ಕದೊಂದು ಹೆಸರು ಬರೆದುಬಿಡಿ.