ಜನ ಗಾಬರಿಯಾದಾರು ಎಂಬ ಗಾಬರಿ

ಹೊಸ ರೋಗವೋ ರಾಸಾಯನಿಕವೋ ಲಸಿಕೆಯೋ ಸುದ್ದಿಗೆ ಬಂದ ಕೂಡಲೇ ಮೂರು ದೂರುಗಳು ಜೊತೆಜೊತೆಗೇ ಕೇಳಿಬರುತ್ತವೆ. ಮಾಧ್ಯಮದವರು ಸುಮ್ಮಸುಮ್ಮನೆ ಹೆದರಿಸುತ್ತಾರೆ. ಸರ್ಕಾರದವರು ನಿಜ ಮುಚ್ಚಿಡುತ್ತಾರೆ. ಜನರಿಗೆ ಅಂಕಿ-ಅಂಶ ತಲೆಗೆ ಹತ್ತುವುದಿಲ್ಲ. ಯಾರು ಯಾರನ್ನು ದೂರುತ್ತಿದ್ದಾರೆ ಎಂದು ತಿಳಿಯದಷ್ಟು ಈ ಜಗಳ ಗೋಜಲಾಗಿದೆ. ಸಿಕ್ಕು ಎಲ್ಲಿ ಬಿತ್ತು ಎಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1952ರ ಡಿಸೆಂಬರ್‌ನಲ್ಲಿ ಐದು ದಿನ ಲಂಡನ್ನನ್ನು ಹೊಗೆಮಂಜು ಮುಸುಕಿತ್ತು. ಆಗಿನ ಲೆಕ್ಕದಲ್ಲಿ ಸತ್ತವರು ಸುಮಾರು 4,000. ಮುಂದಿನ ತಿಂಗಳುಗಳಲ್ಲೂ ಸಾವು ಇಳಿಯದಿದ್ದಾಗ ಅದನ್ನು ಫ್ಲೂ ಜ್ವರದ ಖಾತೆಗೆ ಬರೆಯಲಾಯಿತು. ಅರ್ಧ ಶತಮಾನದ ಬಳಿಕ ಸಂಶೋಧಕರು ಲೆಕ್ಕ ಹಾಕಿದಾಗ ಅಂದಾಜು 12,000ಕ್ಕೆ ಏರಿತು. 1954ರ ಜನವರಿಯಲ್ಲಿ ಅಮೆರಿಕದ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಸಿಗರೇಟು ಉದ್ಯಮದ ಜಾಹೀರಾತು ಬಂತು: ಕ್ಯಾನ್ಸರ್ ನಂಟು ಸಾಬೀತಾಗಿಲ್ಲ, ಸಂಶೋಧನೆಗೆ ನಾವೂ ನೆರವಾಗುತ್ತೇವೆ ಎಂದು. ಹತ್ತು ವರ್ಷದ ನಂತರ ಅಲ್ಲಿನ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, ಧೂಮಪಾನದ ವರದಿ ಹೊರಡಿಸಿದ್ದು ಒಂದು ಶನಿವಾರ. ಷೇರುಪೇಟೆಗೆ ಅಂದು ರಜೆ, ಭಾನುವಾರದ ಪತ್ರಿಕೆಗಳಿಗೆ ಭರ್ಜರಿ ಸುದ್ದಿ. ಅಪಾಯದ ಸುದ್ದಿಯನ್ನು ಯಾವಾಗ, ಹೇಗೆ ಹೊರಗೆ ಬಿಡಬೇಕು ಎಂಬ ಲೆಕ್ಕಾಚಾರ ಆಗಲೇ ಇತ್ತು.

ಇದನ್ನು ಶಾಸ್ತ್ರೀಯವಾಗಿ ನೋಡತೊಡಗಿದ್ದು ಅದಾದ ಮೇಲೆ. ಜನ ತಾವಾಗಿ ಒಪ್ಪಿಕೊಂಡ ಅಪಾಯವನ್ನು, ತಮ್ಮ ಮೇಲೆ ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚಿದ್ದರೂ ಸಹಿಸುತ್ತಾರೆ ಎಂದು 1969ರಲ್ಲಿ ಚಾನ್ಸಿ ಸ್ಟಾರ್ ಎಂಬ ಎಂಜಿನಿಯರ್ ವಾದಿಸಿದರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಒರೆಗಾನ್‌ನಲ್ಲಿದ್ದ ಪಾಲ್ ಸ್ಲೋವಿಕ್, ಸಾರಾ ಲಿಕ್ಟನ್‌ಸ್ಟೈನ್, ಬರೂಕ್ ಫಿಶಾಫ್ ಮತ್ತು ಸಂಗಡಿಗರು ಜನರನ್ನೇ ಕೇಳಿ ನೋಡಿದರು. ಕೊಲೆ, ಬಿರುಗಾಳಿಯಂಥ ಕಣ್ಣಿಗೆ ರಾಚುವ ಸಾವುಗಳನ್ನು ಜನ ಹೆಚ್ಚಾಗಿ ಊಹಿಸುತ್ತಿದ್ದರು. ಸಕ್ಕರೆ ಕಾಯಿಲೆ, ಪಾರ್ಶ್ವವಾಯುವನ್ನು ಕಡಿಮೆಯಾಗಿ. ಅದೇ ತಂಡದ ಇನ್ನೊಂದು ಅಧ್ಯಯನ ಎರಡು ಪತ್ರಿಕೆಗಳನ್ನು ಎಣಿಸಿತು. ಕೊಲೆಗಿಂತ ರೋಗಗಳು ನೂರು ಪಟ್ಟಿನಷ್ಟು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದರೂ, ರೋಗಕ್ಕಿಂತ ಕೊಲೆಯ ಸುದ್ದಿಗಳೇ ಮೂರು ಪಟ್ಟು ಇದ್ದವು. ಎರಡೂ ಲೆಕ್ಕಗಳ ವಾಲು ಒಂದೇ ಕಡೆಗಿತ್ತು. ಓದಿ ಜನ ಹಾಗಾದರೋ, ಜನ ಹಾಗಿರುವುದಕ್ಕೇ ಪತ್ರಿಕೆ ಹಾಗೆ ಬರೆಯಿತೋ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ. ಆದರೂ ಈ ಅಧ್ಯಯನವನ್ನು ಉಲ್ಲೇಖಿಸುವವರು ಆ ಎಚ್ಚರಿಕೆಯನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

1979ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರ ಕೆಟ್ಟಿತು. ಐದು ಮೈಲಿಯೊಳಗಿನ ಗರ್ಭಿಣಿಯರೂ ಶಾಲೆಗೆ ಸೇರದ ಪುಟ್ಟ ಮಕ್ಕಳೂ ಹೊರಟರೆ ಒಳ್ಳೆಯದು ಎಂದು ರಾಜ್ಯಪಾಲರು ಹೇಳಿದರು. ಅಂಥವರು ಕೆಲವೇ ಸಾವಿರ. ಊರು ಬಿಟ್ಟವರು ಸುಮಾರು 1,44,000. ಇದನ್ನು ಜನರ ಅತಿರೇಕ ಎನ್ನುವವರಿದ್ದಾರೆ. ಆ ದಿನಗಳಲ್ಲಿ ಅಧಿಕಾರಿಗಳ ಒಂದೊಂದು ಹೇಳಿಕೆ ಇನ್ನೊಂದನ್ನು ಸುಳ್ಳು ಮಾಡುತ್ತಿತ್ತು ಎಂಬುದನ್ನು ನೆನೆದರೆ, ಕಾರು ಹತ್ತಿದವರು ಅಷ್ಟೇನೂ ಅವಿವೇಕಿಗಳಂತೆ ಕಾಣುವುದಿಲ್ಲ.

ಮೂರೂ ದೂರುಗಳು ಒಟ್ಟಿಗೆ ಪರೀಕ್ಷೆಗೆ ಬಂದದ್ದು ಮಾತ್ರ ಬ್ರಿಟನ್ನಿನಲ್ಲಿ, 1995ರಿಂದ 1998ರ ನಡುವೆ. ಒಂದೇ ದೇಶ, ಅದೇ ಜನ, ಬೆನ್ನಿಗೆ ಬೆನ್ನಿಗೆ ಮೂರು ಪ್ರಸಂಗ.

ಮೊದಲನೆಯದು ಗರ್ಭನಿರೋಧಕ ಮಾತ್ರೆಯದು. 1995ರ ಅಕ್ಟೋಬರ್ 18ರಂದು ಔಷಧ ಸುರಕ್ಷತಾ ಸಮಿತಿ ಒಂದು ತುರ್ತು ಎಚ್ಚರಿಕೆ ಕೊಟ್ಟಿತು: ಕೆಲವು ಹೊಸ ಬಗೆಯ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ. ವೈದ್ಯರಿಗೆ ಪತ್ರ ತಲುಪುವ ಮೊದಲೇ ಟೀವಿಯಲ್ಲಿ ಸುದ್ದಿ ಬಂದಿತ್ತು. ಫೋನ್ ಮಾಡಿದ ಹೆಂಗಸರಿಗೂ ಫೋನ್ ಎತ್ತಿದ ವೈದ್ಯರಿಗೂ ಗೊತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಎರಡು ಪಟ್ಟು ಎಂದದ್ದು ಸುಳ್ಳಲ್ಲ. 7,000 ಮಂದಿಯಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಎಂಬುದು ಅದರ ಅರ್ಥ. ಬಸುರಿಯಾದರೆ ಇದೇ ತೊಂದರೆಯ ಸಾಧ್ಯತೆ ಆ ಯಾವ ಮಾತ್ರೆಗಿಂತಲೂ ಹೆಚ್ಚು. ಈ ಎರಡು ಸಂಗತಿಗಳು ತಲೆಬರಹಕ್ಕೆ ಏರಲಿಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂಬ ಸೂಚನೆಯೂ ಇತ್ತು. ಅನೇಕರು ಮಾತ್ರೆಯ ಪಟ್ಟಿಯನ್ನು ನಡುವಿನಲ್ಲೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಅಂದಾಜು 13,000ದಷ್ಟು ಹೆಚ್ಚಾದವು.

ಸಮಿತಿಯವರು ಮುಚ್ಚಿಡಲಿಲ್ಲ, ಪತ್ರಕರ್ತರು ಕಟ್ಟುಕಥೆ ಬರೆಯಲಿಲ್ಲ. ಎರಡು ಪಟ್ಟು ಎಂದು ಕೇಳಿದ ಯಾರಿಗಾದರೂ ಮೊದಲು ಹುಟ್ಟುವ ಪ್ರಶ್ನೆ, ಯಾವುದರ ಎರಡು ಪಟ್ಟು ಎಂಬುದು. ಅದಕ್ಕೆ ಉತ್ತರವನ್ನು ಜೊತೆಗೇ ಕಟ್ಟಿ ಕಳಿಸುವುದು ಯಾರ ಕೆಲಸವೂ ಆಗಿರಲಿಲ್ಲ.

ಐದು ತಿಂಗಳು ಕಳೆಯುವಷ್ಟರಲ್ಲಿ, 1996ರ ಮಾರ್ಚ್ 20ರಂದು, ಹುಚ್ಚು ಹಸು ರೋಗದ ಸ್ಫೋಟ. ಈ ಕಥೆ ಉಲ್ಟಾ. ದನಗಳಲ್ಲಿ ಈ ರೋಗ ಪತ್ತೆಯಾದದ್ದು 1986ರಲ್ಲಿ. ಮನುಷ್ಯರಿಗೆ ಅಪಾಯ ತೀರಾ ದೂರದ ಮಾತು ಎಂದು ಸರ್ಕಾರವೇ ನೇಮಿಸಿದ್ದ ತಜ್ಞರ ಸಮಿತಿಯ 1989ರ ಸೌತ್‌ವುಡ್ ವರದಿ ಹೇಳಿತು. ನಮ್ಮ ಅಂದಾಜು ತಪ್ಪಾದರೆ ಪರಿಣಾಮ ಬಹಳ ಗಂಭೀರವಾದೀತು ಎಂದೂ ಹೇಳಿತ್ತು. ಮುಂದಿನ ವರ್ಷಗಳಲ್ಲಿ ಮೊದಲ ಮಾತು ಮತ್ತೆ ಮತ್ತೆ ಕೇಳಿಬಂತು, ಎರಡನೆಯದು ಉದುರಿಹೋಯಿತು. 1990ರಲ್ಲಿ ಸಚಿವರೊಬ್ಬರು ಕ್ಯಾಮೆರಾಗಳ ಎದುರು ತಮ್ಮ ಪುಟ್ಟ ಮಗಳಿಗೆ ದನದ ಮಾಂಸದ ಬರ್ಗರ್ ಕೊಡಲು ಹೋದರು. ಆರು ವರ್ಷದ ನಂತರ ಅದೇ ಸರ್ಕಾರ, ಯುವಜನರಲ್ಲಿ ಕಂಡ ಹತ್ತು ಮಾರಕ ಮೆದುಳು ರೋಗದ ಪ್ರಕರಣಗಳಿಗೂ ಆ ಮಾಂಸಕ್ಕೂ ನಂಟಿರುವ ಸಾಧ್ಯತೆಯೇ ಹೆಚ್ಚು ಎಂದು ಸಂಸತ್ತಿಗೆ ತಿಳಿಸಬೇಕಾಯಿತು. ವಾರದೊಳಗೆ ಯುರೋಪಿಯನ್ ಒಕ್ಕೂಟ ಬ್ರಿಟಿಷ್ ದನದ ಮಾಂಸದ ರಫ್ತು ನಿಷೇಧಿಸಿತು. ಕೊನೆಗೆ ಈ ರೋಗದಿಂದ ಬ್ರಿಟನ್ನಿನಲ್ಲಿ ಸತ್ತವರು 178 ಮಂದಿ. ಆಗ ಹರಿದಾಡುತ್ತಿದ್ದ ಲಕ್ಷಗಟ್ಟಲೆ ಸಾವಿನ ಊಹೆಗಳಿಗೆ ಹೋಲಿಸಿದರೆ ಬಲು ಕಡಿಮೆ. ಆದರೆ 2000ದಲ್ಲಿ ಬಂದ ಫಿಲಿಪ್ಸ್ ವಿಚಾರಣಾ ವರದಿ ಬೊಟ್ಟು ಮಾಡಿದ್ದು ಬೇರೆಡೆಗೆ. ಸರ್ಕಾರ ಸುಳ್ಳು ಹೇಳಲಿಲ್ಲ, ಅಪಾಯ ತೀರಾ ದೂರದ ಮಾತೆಂದು ನಿಜವಾಗಿಯೂ ನಂಬಿತ್ತು. ಜನ ಗಾಬರಿಯಾದಾರು ಎಂಬ ಅಳುಕಿನಲ್ಲಿ ಧೈರ್ಯ ಹೇಳುತ್ತಲೇ ಹೋದದ್ದು ತಪ್ಪಾಯಿತು, ಜನರಿಗೆ ಮೋಸ ಹೋದೆವು ಅನ್ನಿಸಿತು ಎಂದಿತು ಆ ವರದಿ.

ಈ ಮಣ್ಣಿಗೇ ಮೂರನೆಯ ಬೀಜ ಬಿದ್ದದ್ದು. 1998ರ ಫೆಬ್ರುವರಿಯಲ್ಲಿ ಕೇವಲ 12 ಮಕ್ಕಳ ಮೇಲಿನ ಒಂದು ಪ್ರಬಂಧ ದಡಾರ, ಮಂಗಬಾವು, ರುಬೆಲ್ಲಾ ಮೂರಕ್ಕೂ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ತಳುಕು ಹಾಕುವಂತೆ ಪ್ರಕಟವಾಯಿತು. ಪ್ರಬಂಧಕ್ಕಿಂತ ಪತ್ರಿಕಾಗೋಷ್ಠಿಯೇ ಹೆಚ್ಚು ಸದ್ದು ಮಾಡಿತು. ಪ್ರಧಾನಿ ತಮ್ಮ ಕೂಸಿಗೆ ಲಸಿಕೆ ಹಾಕಿಸಿದ್ದಾರೋ ಇಲ್ಲವೋ ಎಂಬುದು 2002ರ ಹೊತ್ತಿಗೆ ದೊಡ್ಡ ಸುದ್ದಿಯಾಯಿತು. ಇಂಗ್ಲೆಂಡಿನಲ್ಲಿ ಶೇ 92ರ ಆಸುಪಾಸಿನಲ್ಲಿದ್ದ ಲಸಿಕೆಯ ಪ್ರಮಾಣ 2003-04ರಲ್ಲಿ ಶೇ 80ಕ್ಕೆ ಕುಸಿಯಿತು. ಸರ್ಕಾರ ಸುರಕ್ಷಿತ ಎನ್ನುತ್ತಲೇ ಇತ್ತು, ಈ ಸಲ ಅದು ಸರಿಯಾಗಿಯೇ ಹೇಳುತ್ತಿತ್ತು. ಆದರೆ ದನದ ಮಾಂಸವೂ ಸುರಕ್ಷಿತ ಎಂದು ಕೇಳಿದ್ದ ತಾಯಂದಿರಿಗೆ ಆ ಮಾತು ಹೇಗೆ ಕೇಳಿಸಿರಬೇಕು? ಆ ಪ್ರಬಂಧವನ್ನು ಹಿಂಪಡೆದದ್ದು 2010ರಲ್ಲಿ.

ಸುದ್ದಿಮನೆಗಳ ಒಂದು ಒಳ್ಳೆಯ ಅಭ್ಯಾಸವೇ ಇಲ್ಲಿ ಕೈಕೊಟ್ಟಿತು. ಎರಡೂ ಕಡೆಯವರ ಮಾತು ಹಾಕಬೇಕು ಎಂಬುದು ರಾಜಕೀಯ ವರದಿಗಾರಿಕೆಯಲ್ಲಿ ಬೆಳೆದ ನಿಯಮ. ಸಾವಿರಾರು ವೈದ್ಯರ ಪರವಾಗಿ ಒಬ್ಬರು, ಎದುರಿಗೆ ಒಬ್ಬರು ಕೂತರೆ ತಕ್ಕಡಿ ಸಮವಾಗಿಯೇ ಕಾಣುತ್ತದೆ. ಕಾರ್ಡಿಫ್ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಎರಡೂ ಕಡೆಗೆ ಸಮ ಪುರಾವೆ ಇದೆ ಎಂದೇ ತಿಳಿದಿದ್ದರು. ಹವಾಮಾನ ಬದಲಾವಣೆಯ ವಿಷಯದಲ್ಲೂ ಇದೇ ಆಯಿತು. ಅಮೆರಿಕದ ನಾಲ್ಕು ಪ್ರಮುಖ ಪತ್ರಿಕೆಗಳಲ್ಲಿ 1988ರಿಂದ 2002ರವರೆಗೆ ಬಂದ ಬರಹಗಳ ಮಾದರಿಯಲ್ಲಿ ಅರ್ಧಕ್ಕೂ ಸ್ವಲ್ಪ ಹೆಚ್ಚಿನವು, ಮನುಷ್ಯರೇ ಕಾರಣ ಎಂಬುದಕ್ಕೂ ಅಲ್ಲ ಎಂಬುದಕ್ಕೂ ಸಮನಾದ ಜಾಗ ಕೊಟ್ಟಿದ್ದವು.

ತಮಾಷೆ ಎಂದರೆ, ಪರಿಹಾರ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮಾತ್ರೆಯ ಗುಲ್ಲೆದ್ದ 1995ರಲ್ಲೇ ಫಿಶಾಫ್, ಅಪಾಯವನ್ನು ಜನರಿಗೆ ತಿಳಿಸುವ ತಮ್ಮ ಕ್ಷೇತ್ರದ ಇಪ್ಪತ್ತು ವರ್ಷಗಳನ್ನು ಮೆಟ್ಟಿಲುಗಳಾಗಿ ಬರೆದಿಟ್ಟಿದ್ದರು. ಮೊದಲು ಅಂಕಿ ಸರಿಯಾಗಿದ್ದರೆ ಸಾಕು ಅಂದುಕೊಂಡೆವು. ಆಮೇಲೆ ಅಂಕಿಯನ್ನು ಹೇಳಿದರೆ ಸಾಕು, ಬಿಡಿಸಿ ಹೇಳಿದರೆ ಸಾಕು ಅಂದುಕೊಂಡೆವು. ಕೊನೆಗೆ ಜನರನ್ನು ಪಾಲುದಾರರಾಗಿ ಕೂರಿಸಿಕೊಳ್ಳಬೇಕೆಂದು ತಿಳಿಯಿತು ಎಂಬ ಧಾಟಿಯಲ್ಲಿ. ಹೊಸ ಬಿಕ್ಕಟ್ಟು ಬಂದಾಗಲೆಲ್ಲ ಸಂಸ್ಥೆಗಳು ಮತ್ತೆ ಕೆಳಗಿನ ಮೆಟ್ಟಿಲಿಗೇ ಇಳಿಯುತ್ತವೆ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ಖಡಾಖಂಡಿತವಾಗಿ ಸಾರಿತು; ಮುಂದೆ ಆ ನಿಲುವನ್ನು ಕಂತು ಕಂತಾಗಿ ಬದಲಿಸಬೇಕಾಯಿತು. ಸಾಮಾನ್ಯ ಜನರಿಗೆ ಮಾಸ್ಕ್ ಬೇಡ ಎಂದ ಆರಂಭದ ದಿನಗಳಲ್ಲಿ, ಆಸ್ಪತ್ರೆಗಳಿಗೆ ಸಾಲದು ಎಂಬ ಕಾರಣವೂ ಉಪಯೋಗವಿಲ್ಲ ಎಂಬ ಕಾರಣವೂ ಒಂದರೊಳಗೊಂದು ಕಲಸಿಹೋಗಿದ್ದವು. ಸಾಲದು ಎಂದಷ್ಟೇ ಹೇಳಿದ್ದರೆ ಜನ ಕೇಳುತ್ತಿದ್ದರು ಎಂದೇ ನನ್ನ ಎಣಿಕೆ.

ಮರುವರ್ಷ ಬ್ರಿಟನ್ನಿನ ಮುಂದೆ ರಕ್ತ ಹೆಪ್ಪುಗಟ್ಟುವ ಪ್ರಶ್ನೆಯೇ ಮತ್ತೆ ಬಂತು, ಈ ಬಾರಿ ಆಸ್ಟ್ರಾಜೆನೆಕಾ ಲಸಿಕೆಯಿಂದ. 2021ರ ಏಪ್ರಿಲ್ 7ರಂದು ಅಧಿಕಾರಿಗಳು ಪಟ್ಟುಗಳ ಮಾತಾಡಲಿಲ್ಲ, ಕೇಂಬ್ರಿಜ್‌ನ ಸಂಖ್ಯಾಶಾಸ್ತ್ರಜ್ಞರು ಮಾಡಿಕೊಟ್ಟ ಚಿತ್ರಗಳನ್ನು ತೋರಿಸಿದರು. ಸೋಂಕು ಕಡಿಮೆ ಇರುವಾಗ 20ರಿಂದ 29 ವರ್ಷದ ಒಂದು ಲಕ್ಷ ಜನರಲ್ಲಿ ಲಸಿಕೆ ತಪ್ಪಿಸುವ ಐಸಿಯು ದಾಖಲಾತಿ 0.8, ಲಸಿಕೆಯಿಂದ ಆಗಬಹುದಾದ ಗಂಭೀರ ತೊಂದರೆ 1.1, 60ರಿಂದ 69 ವರ್ಷದವರಲ್ಲಿ 14.1ಕ್ಕೆ ಎದುರಾಗಿ 0.2. ಮೂವತ್ತರೊಳಗಿನವರಿಗೆ ಬೇರೆ ಲಸಿಕೆ ಎಂದರು. ಯಾರೂ ದಿಕ್ಕೆಟ್ಟು ಓಡಲಿಲ್ಲ, ಲಸಿಕೆಯ ಕೆಲಸ ಸಾಗಿತು. ಆದರೆ ಸೋಂಕು ಹೆಚ್ಚಿದ್ದರೆ ಲೆಕ್ಕ ತಿರುಗಿಬೀಳುತ್ತದೆ ಎಂದು ತೋರಿಸುವ ಚಿತ್ರಗಳೂ ಆ ಸರಣಿಯಲ್ಲೇ ಇದ್ದವು. ಗಡಿ ದಾಟಿದ್ದು ಆ ಚಿತ್ರಗಳಲ್ಲ, ಯುರೋಪಿನ ದೇಶಗಳು ಲಸಿಕೆ ನಿಲ್ಲಿಸಿದವು ಎಂಬ ತಲೆಬರಹ. ಬೇರೆ ಲಸಿಕೆಯ ಆಯ್ಕೆಯೇ ಇಲ್ಲದ ದೇಶಗಳಿಗೂ ಮೊದಲು ತಲುಪಿದ್ದು ಅದೇ.