ಹಳೆಯ ಡ್ಯಾಕ್‌ಗೆ ಹೈ-ರೆಸ್ ಸಂಗೀತ ಹೊಂದಿಸುವುದು

ಆ್ಯಪ್‌ನಲ್ಲಿ ಹಾಡು ಓಡುತ್ತಿದೆ, ಆದರೆ ಡ್ಯಾಕ್‌ನ (ಡಿಜಿಟಲ್ ಸಿಗ್ನಲನ್ನು ಕೇಳುವ ಸದ್ದಾಗಿಸುವ ಪೆಟ್ಟಿಗೆ) ಲಾಕ್ ದೀಪ, ಅಂದರೆ ಸಿಗ್ನಲ್ ಹಿಡಿದಿದೆ ಎಂದು ತೋರಿಸುವ ದೀಪ, ಹತ್ತಿ ಹತ್ತಿ ಆರುತ್ತಿದೆ. ಸ್ಪೀಕರಿನಲ್ಲಿ ಬರೀ ಟಿಕ್ ಟಿಕ್. ಡ್ಯಾಕ್ ಕೆಟ್ಟಿತೆಂದು ಮಡಿಕೇರಿಯಿಂದ ಮೈಸೂರಿಗೆ ರಿಪೇರಿಗೆ ಹೊರುವ ಮೊದಲು, ಅದಕ್ಕೆ ಎಷ್ಟು ಕಿಲೋಹರ್ಟ್ಸ್ ಸಿಗ್ನಲ್ ಹೋಗುತ್ತಿದೆ, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದನ್ನು ಅಳೆದ ಸಿಗ್ನಲ್ ಅದು ಎಂದು ನೋಡಿ. ಹೈ-ರೆಸ್ ಸಂಗೀತದಲ್ಲಿ ಈ ವೇಗ 48ನ್ನು ದಾಟುತ್ತದೆ.

1990ರ ದಶಕದ ಡ್ಯಾಕ್‌ನಲ್ಲಿ ವೇಗದ ಮಿತಿ ಹೆಚ್ಚಾಗಿ ಬರುವುದು ಒಳಬರುವ ಸಿಗ್ನಲನ್ನು ಹಿಡಿಯುವ ರಿಸೀವರ್ ಚಿಪ್‌ನಿಂದ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದರೆ, ಡಿಜಿಟಲ್ ಸಾಕೆಟ್ಟಿನ ಹತ್ತಿರ 28 ಕಾಲಿನ ಚಿಪ್ ಕಾಣಬಹುದು. ಅದರ ಮೇಲೆ ಸಿಎಸ್8412 ಎಂದಿದ್ದರೆ 48 ಕಿಲೋಹರ್ಟ್ಸ್‌ಗೆ ನಿಲ್ಲಿಸಿ. ಸಿಎಸ್8414 ಆದರೆ 96ರವರೆಗೆ ಹಿಡಿಯುತ್ತದೆ. ತೊಂದರೆ ಏನೆಂದರೆ, ಕೋಆಕ್ಸಿಯಲ್ (ತಾಮ್ರದ ಕೇಬಲ್) ಮತ್ತು ಆಪ್ಟಿಕಲ್ (ಬೆಳಕಿನ ಕೇಬಲ್) ಎರಡೂ ಒಮ್ಮುಖ ದಾರಿ. ‘ನನಗೆ ಇಷ್ಟೇ ಸಾಕು’ ಎಂದು ಕಂಪ್ಯೂಟರಿಗೆ ತಿಳಿಸಲು ಡ್ಯಾಕ್‌ಗೆ ಆಗುವುದಿಲ್ಲ. ನಡುವೆ ಇದ್ದು ಯುಎಸ್‌ಬಿಯನ್ನು ಈ ಕೇಬಲ್ಲಿಗೆ ಹೊಂದಿಸುವ ಯುಎಸ್‌ಬಿ ಕನ್ವರ್ಟರ್ 192 ಒಪ್ಪಿಕೊಂಡರೆ ಕಂಪ್ಯೂಟರ್ 192 ಕಳಿಸಿಯೇ ಬಿಡುತ್ತದೆ.

ಹಾಗಾಗಿ ಮಿತಿಯನ್ನು ನಾವೇ ಹಾಕಬೇಕು. ಆ್ಯಪಲ್ ಮ್ಯೂಸಿಕ್‌ನಲ್ಲಿ ‘ಹೈ-ರೆಸ್ ಲಾಸ್‌ಲೆಸ್’ ಬಿಟ್ಟು ‘ಲಾಸ್‌ಲೆಸ್’ ಆರಿಸಿದರೆ 24 ಬಿಟ್ (ಪ್ರತಿ ಅಳತೆ ಎಷ್ಟು ಸೂಕ್ಷ್ಮ ಎಂಬ ಲೆಕ್ಕ), 48 ಕಿಲೋಹರ್ಟ್ಸ್ ದಾಟುವುದಿಲ್ಲ. ಮ್ಯಾಕ್‌ನಲ್ಲಿ ‘ಆಡಿಯೋ ಮಿಡಿ ಸೆಟಪ್’ ತೆರೆದು ಔಟ್‌ಪುಟ್ಟನ್ನೂ ಇಳಿಸಿ. ವಿಂಡೋಸ್‌ನಲ್ಲಿ ಸೌಂಡ್ ಸೆಟ್ಟಿಂಗ್‌ನ ‘ಡೀಫಾಲ್ಟ್ ಫಾರ್ಮ್ಯಾಟ್’ ನೋಡಿ. 88.2, 176.4ರ ಹಾಡುಗಳೇ ಹೆಚ್ಚಿದ್ದರೆ ಅವನ್ನು ಸರಿಯಾಗಿ ಭಾಗಿಸುವ 44.1ಕ್ಕೆ ಇಳಿಸಿ, 96 ಮತ್ತು 192ಕ್ಕೆ 48 ಸರಿಹೊಂದುತ್ತದೆ. 44.1ನ್ನು 48 ಮಾಡುವುದು 147ಕ್ಕೆ 160ರ ತೊಡಕಿನ ಲೆಕ್ಕ. ಒಳ್ಳೆಯ ರೀಸ್ಯಾಂಪ್ಲರ್ (ಈ ವೇಗ ಬದಲಿಸುವ ಸಾಫ್ಟ್‌ವೇರ್) ಅದನ್ನೂ ಚೆನ್ನಾಗಿ ಮಾಡುತ್ತದೆ, ಆದರೆ ಒಂದೇ ಸಲ ಮಾಡಲಿ. ಆ್ಯಪ್ ಒಮ್ಮೆ, ಆಪರೇಟಿಂಗ್ ಸಿಸ್ಟಮ್ ಇನ್ನೊಮ್ಮೆ ಬದಲಿಸುವುದು ಬೇಡ.

ಇಳಿಸಿದರೆ ಸಂಗೀತ ಹಾಳಾಯಿತೇ? ಇಲ್ಲ. 48 ಕಿಲೋಹರ್ಟ್ಸ್‌ನಲ್ಲಿ ಅಳೆದರೆ ಅದರ ಅರ್ಧ, 24 ಕಿಲೋಹರ್ಟ್ಸ್‌ವರೆಗಿನ ನಾದ ಉಳಿಯುತ್ತದೆ. ಎಳೆಯ ಕಿವಿಯೂ ಕೇಳುವುದು ಸುಮಾರು 20ರವರೆಗೆ.

ನಿಜವಾದ ಎಚ್ಚರ ಬೇಕಿರುವುದು ಬಿಟ್‌ಗಳಲ್ಲಿ. ಡ್ಯಾಕ್‌ನೊಳಗೆ ಸಿಗ್ನಲನ್ನು ಸದ್ದಾಗಿಸುವ, ಟಿಡಿಎ1541ರಂಥ 16 ಬಿಟ್ ಚಿಪ್‌ಗೆ 24 ಬಿಟ್ ಕಳಿಸಿದರೆ ಕೆಳಗಿನ 8 ಬಿಟ್ ಕತ್ತರಿಸಿ ಹೋಗುತ್ತವೆ. ತಂಬೂರಿಯ ನಾದ ಕರಗುತ್ತಾ ಹೋಗುವ ಕೊನೆಯನ್ನು ಗಮನಿಸಿ: ಆ ಸಣ್ಣ ಸದ್ದಿಗೆ ಒರಟುತನ ಅಂಟಿಕೊಳ್ಳುವ ಜಾಗ ಅದು. ಪ್ಲೇಯರಿನಲ್ಲಿ ಔಟ್‌ಪುಟ್ 16 ಬಿಟ್ ಮಾಡಿ, ‘ಡಿದರ್’ ಆನ್ ಮಾಡಿ. ತೀರಾ ಸಣ್ಣ ಗದ್ದಲ ಬೆರೆಸಿ ಆ ಒರಟನ್ನು ಅದು ನಯವಾದ ಹಿಸ್ಸಿಗೆ ತಿರುಗಿಸುತ್ತದೆ. ರೀಸ್ಯಾಂಪಲ್ ಮಾಡುವಾಗ ಜೋರು ಸದ್ದಿನ ತುದಿಗಳು ಮಿತಿ ಮೀರಿ ಒಡೆಯಬಹುದು, ಅದಕ್ಕೇ 3 ಡೆಸಿಬೆಲ್ ಮೊದಲೇ ತಗ್ಗಿಸಿ. ಅದಕ್ಕಿಂತ ಹೆಚ್ಚು ಬೇಡ. ಪ್ರತಿ 6 ಡೆಸಿಬೆಲ್‌ಗೂ ಒಂದು ಬಿಟ್ ಖರ್ಚು. ವಾಲ್ಯೂಮ್ ತಿರುಗಿಸುವುದು ಆಂಪ್ಲಿಫೈಯರ್‌ನಲ್ಲೇ ಇರಲಿ.

ಆ್ಯಪ್‌ನಲ್ಲೇ 48ರ ಮಿತಿ ಹಾಕಿದರೆ ನೆಟ್‌ವರ್ಕ್ ಕುಂಟುವ ತೋಟದ ಮನೆಗೆ ಇನ್ನೊಂದು ಅನುಕೂಲ. ಸಂಕುಚಿಸುವ ಮೊದಲು 24 ಬಿಟ್, 192ರ ಸ್ಟೀರಿಯೋ ಸೆಕೆಂಡಿಗೆ 9.2 ಮೆಗಾಬಿಟ್, 24 ಬಿಟ್, 48 ಆದರೆ 2.3 ಮಾತ್ರ.

ಕೇಬಲ್ಲಿಗೆ ಕೊಡಗಿನಲ್ಲಿ ನಮ್ಮ ಆಯ್ಕೆ ಆಪ್ಟಿಕಲ್. ಅದರಲ್ಲಿ ತಾಮ್ರವಿಲ್ಲ, ಹಾಗಾಗಿ ಕಂಪ್ಯೂಟರಿನ ಅರ್ತಿಂಗ್ ಗುಂಯ್‌ಗುಡುವಿಕೆ ಆ ತಂತಿಯ ದಾರಿಯಲ್ಲಿ ಡ್ಯಾಕ್‌ಗೆ ದಾಟುವುದಿಲ್ಲ. ಗುಡುಗು ಶುರುವಾದಾಗ ಕರೆಂಟಿನ ಪ್ಲಗ್ ಮಾತ್ರ ಕಿತ್ತೇ ಇಡಿ. ಕೋಆಕ್ಸಿಯಲ್ಲೇ ಬೇಕಿದ್ದರೆ 75 ಓಮ್‌ನದು ತನ್ನಿ. ಮಳೆಗಾಲದ ತೇವಕ್ಕೆ ಮಂಕಾದ ಆರ್‌ಸಿಎ ಸಾಕೆಟ್ಟಿನಿಂದಲೂ (ಕೋಆಕ್ಸಿಯಲ್ ಕೇಬಲ್ ಸೇರುವ ಜಾಗ) ಲಾಕ್ ತಪ್ಪುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಪಿನ್ ಹಾಕಿ.